ಸೋಮವಾರ ಎಲ್ಲೋರ, ಮಂಗಳವಾರ ಅಜಂತಾ

ಪ್ರಶ್ನೆ: ದಸರಾ ರಜೆಯಲ್ಲಿ ನಮ್ಮ ಕಾರಲ್ಲೇ ಎಲ್ಲೋರಕ್ಕೆ ಹೋಗಬೇಕು ಅಂತಿದ್ದೇವೆ. ನಾನು, ಯಜಮಾನರು, ಇಬ್ಬರು ಮಕ್ಕಳು, 68 ವರ್ಷದ ಅತ್ತೆ. ಶನಿವಾರ ರಾತ್ರಿ ಊಟ ಮಾಡಿ ಹೊರಟರೆ ಸಾಕು ಅಂತಾರೆ ಯಜಮಾನರು. ಭಾನುವಾರ ವಿಶ್ರಾಂತಿ, ಸೋಮವಾರ ಅಜಂತಾ, ಮಂಗಳವಾರ ಎಲ್ಲೋರ, ಬುಧವಾರ ವಾಪಸ್. ಅತ್ತೆಗೆ ಮಂಡಿನೋವು ಬೇರೆ. ಸರಿಹೋಗುತ್ತಾ?
– ಒಬ್ಬ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಮೇಡಂ, ಬೇಜಾರಾಗಬೇಡಿ, ನಿಮ್ಮ ಪಟ್ಟಿ ಓದಿ ನಗು ಬಂತು. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಕ್ಕೆ ಮಂಗಳವಾರ ರಜೆ! ಎರಡನ್ನೂ ಇಷ್ಟು ಸರಿಯಾಗಿ ತಪ್ಪಿಸಿಕೊಳ್ಳೋದು ಸುಲಭ ಅಲ್ಲ. ನಾನು ಒಂದನ್ನಷ್ಟೇ ತಪ್ಪಿಸಿಕೊಂಡವನು. ರಿಟೈರ್ ಆದ ವರ್ಷ ಮನೆಯವಳನ್ನು ಕರೆದುಕೊಂಡು ಹೋಗಿ, ಮಂಗಳವಾರ ಬೆಳಿಗ್ಗೆ ಎಲ್ಲೋರದ ಗೇಟಿನ ಮುಂದೆ ನಿಂತಿದ್ದೆ. ಸೀಬೆಹಣ್ಣು ಮಾರುವಾಕೆ ನಮ್ಮ ಮುಖ ನೋಡಿ 'ಆಜ್ ಬಂದ್' ಅಂದಳು. 'ಇಪ್ಪತ್ತೆಂಟು ವರ್ಷ ಟೈಮ್ ನೋಡಿಕೊಂಡು ಬಸ್ ಓಡಿಸಿದೋರು ನೀವು' ಅಂತ ಮನೆಯವಳು ಆವತ್ತು ಶುರು ಮಾಡಿದ್ದು ಇನ್ನೂ ಮುಗಿದಿಲ್ಲ.

ಹಾಗಾಗಿ ಎರಡು ದಿನ ಅದಲು ಬದಲು ಮಾಡಿ, ಅಷ್ಟೇ.

ಇನ್ನು ರಾತ್ರಿ ಪ್ರಯಾಣ. ಅದು ಬೇಡವೇ ಬೇಡ. ಔರಂಗಾಬಾದಿಗೆ ದುರ್ಗದಿಂದ ಹೆಚ್ಚುಕಮ್ಮಿ 750 ಕಿ.ಮೀ. (ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ, ಬೋರ್ಡು ನೋಡಿ ಗಾಬರಿಯಾಗಬೇಡಿ). ದೂರದ ಬಸ್ಸಿಗೆ ನಾವು ಇಬ್ಬರು ಡ್ರೈವರ್ ಇರ್ತಿದ್ವಿ. ನಿಮ್ಮ ಯಜಮಾನರು ಒಬ್ಬರೇ. ಬೆಳಗಿನ ಜಾವ ಮೂರರಿಂದ ಐದರವರೆಗೆ ಕಣ್ಣು ಬಿಟ್ಟೇ ಇರುತ್ತೆ, ರಸ್ತೆ ಮಾತ್ರ ಕಾಣಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೆ ಹೊರಡಿ. ಕೂಡ್ಲಿಗಿ, ಹೊಸಪೇಟೆ, ಕುಷ್ಟಗಿ, ಇಳಕಲ್, ಒಂದೇ ಹೈವೇ. ಮಧ್ಯಾಹ್ನದ ಊಟಕ್ಕೆ ವಿಜಯಪುರ. ಅಲ್ಲೇ ಉಳಿಯಿರಿ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಮಕ್ಕಳು ಹತ್ತಲಿ, ಅತ್ತೆ ಕೆಳಗೆ ಹುಲ್ಲಿನ ಮೇಲೆ ಕೂತಿರಲಿ. ಭಾನುವಾರ ಸೊಲ್ಲಾಪುರ, ತುಳಜಾಪುರ, ಬೀಡ್ ಮೇಲೆ ಔರಂಗಾಬಾದ್. ನವರಾತ್ರಿಯಲ್ಲಿ ತುಳಜಾಪುರದ ದಾರಿ ತುಂಬಾ ನಡೆದು ಹೋಗುವ ಭಕ್ತರು. ಅಲ್ಲಿ ಒಂದೆರಡು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಅತ್ತೆಯವರಿಗೆ ಎಲ್ಲೋರ ಕಷ್ಟ ಆಗಲ್ಲ. ಒಟ್ಟು 34 ಗುಹೆ, ಎಲ್ಲ ನೋಡೋ ಹಟ ಬೇಡ. 16ನೇದು ಕೈಲಾಸ. ಗುಹೆ ಅಂತ ಕರೆಯೋದೇ ತಪ್ಪು. 8ನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಬೆಟ್ಟವನ್ನು ಮೇಲಿಂದ ಕೆಳಕ್ಕೆ ಕಡಿಯುತ್ತಾ ಬಂದು ಬಿಡಿಸಿದ ದೇವಸ್ಥಾನ. ಪಟ್ಟದಕಲ್ಲಿನ ವಿರೂಪಾಕ್ಷ ನೋಡಿದ್ದರೆ ಶಿಖರ ನೋಡಿದ ಕೂಡಲೇ ನೆಂಟಸ್ತಿಕೆ ಗೊತ್ತಾಗುತ್ತೆ. ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಮಧ್ಯಾಹ್ನದ ಮೇಲೆ ಬಿಸಿಲು ಎದುರಿಗೇ ಬೀಳುತ್ತೆ. ಆಗ ಹೋಗಿ. ಅತ್ತೆಯವರು ಮೆಟ್ಟಿಲು ಹತ್ತಬೇಕಿಲ್ಲ. ಅಂಗಳದಲ್ಲೇ ನಿಧಾನ ಒಂದು ಸುತ್ತು ಬರಲಿ. ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತ ಆನೆಗಳ ಸಾಲು ಕಣ್ಣಿನ ಎತ್ತರಕ್ಕೇ ಸಿಗುತ್ತೆ. ಎಷ್ಟೋ ಆನೆಗೆ ಸೊಂಡಿಲು ಮುರಿದಿದೆ. ಸುತ್ತ ಬಂಡೆಯ ಗೋಡೆ ಮೇಲೆ ಉಳಿಯ ಗೀರು ಸಾಲು ಸಾಲು. ದುರ್ಗದ ಬಂಡೆ ನೋಡಿ ಬೆಳೆದ ನಾನೇ ಅಲ್ಲಿ ಸುಮ್ನೆ ನಿಂತುಬಿಟ್ಟೆ. ಮುಚ್ಚಿದ್ದ ದಿನ ಅಲ್ಲ, ಮಾರನೇ ದಿನ!

ದಾರಿಯಲ್ಲೇ ದೌಲತಾಬಾದ್ ಕೋಟೆ ಇದೆ, 1327ರಲ್ಲಿ ತುಘಲಕ್ ದಿಲ್ಲಿ ಬಿಟ್ಟು ರಾಜಧಾನಿ ಮಾಡಿಕೊಂಡಿದ್ದು. ಏಳು ಸುತ್ತಿನ ಕೋಟೆ ಊರವರು ನೀವು, ಕೆಳಗಿಂದಲೇ ನೋಡಿ ಮುಂದೆ ಹೋಗಿ.

ಅಜಂತಾ ಔರಂಗಾಬಾದಿನಿಂದ 100 ಕಿ.ಮೀ. ಕಾರನ್ನು ಕೆಳಗೇ ಬಿಟ್ಟು ಅಲ್ಲಿನ ಬಸ್ ಹತ್ತಬೇಕು. ಆಮೇಲೆ ಮೆಟ್ಟಿಲು ಸಾಕಷ್ಟಿವೆ. ಹೊತ್ತುಕೊಂಡು ಹೋಗುವ ಡೋಲಿ ಸಿಗುತ್ತೆ. ಅತ್ತೆಯವರನ್ನು ಕೂರಿಸೋ ಮೊದಲೇ ದುಡ್ಡು ಮಾತಾಡಿ. ಬುಧವಾರ ಸೊಲ್ಲಾಪುರದಲ್ಲಿ ಉಳಿದು ಗುರುವಾರ ಮನೆ. ಒಂದು ದಿನ ಜಾಸ್ತಿ ಆಯ್ತು, ನಿಜ. ಶೇಂಗಾ ಚಟ್ನಿಪುಡಿ ತರೋದಕ್ಕೂ ಆಯ್ತಲ್ವಾ?

ಪ್ರಶ್ನೆ: ಹೊಸಪೇಟೆ ಕಡೆ ಹೋಗಲು ದಾವಣಗೆರೆಯವರು ದುರ್ಗಕ್ಕೆ ಬಂದೇ ಹೋಗಬೇಕಾ? ದಾರಿಗೆ ಏನು ಕಟ್ಟಿಕೊಳ್ಳೋದು?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಬೇಕಿಲ್ಲ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆಗೆ ಹೋಗಿ ಹೈವೇ ಹಿಡಿಯಿರಿ. ಬೆಣ್ಣೆದೋಸೆ ತಿಂದು ಹೊರಡೋಣ ಅಂತ ಕೂತರೆ ಬಿಸಿಲೇರುತ್ತೆ. ನರ್ಗಿಸ್ ಮಂಡಕ್ಕಿ ಕಟ್ಟಿಸಿಕೊಳ್ಳಿ, ಈರುಳ್ಳಿ ಬೇರೆ ಪೊಟ್ಟಣದಲ್ಲಿ. ಒಗ್ಗರಣೆ ಮಂಡಕ್ಕಿ ಬೇಡ, ಹೊಸಪೇಟೆ ಮುಟ್ಟೋದರೊಳಗೆ ಮೆತ್ತಗಾಗಿರುತ್ತೆ.