ನಿಮ್ಮ ಲುಕೇಮಿಯಾ ಲೇಖನದಲ್ಲಿ ಇಲಿ ಎಲ್ಲಿ?

ನಮಸ್ಕಾರ,

ಲುಕೇಮಿಯಾ, ಅಂದರೆ ರಕ್ತ ಕ್ಯಾನ್ಸರ್ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನಿಮಗೆ ವಿಷಯ ಗೊತ್ತಿದೆ, ಆದರೆ ಗೊತ್ತಿರುವುದನ್ನು ಬದಿಗಿಟ್ಟು ಭಾಷಣ ಮಾಡಿದ್ದೀರಿ.

ಮೊದಲ ಪುಟ ಪೂರ್ತಿ 'ಮಹಾಮಾರಿ', 'ಸಾವಿನ ನೆರಳು'. ಅದನ್ನು ತೆಗೆದುಬಿಡಿ. ನಾಲ್ಕನೇ ಪುಟದಲ್ಲಿ 'ರಕ್ತ ಕ್ಯಾನ್ಸರಿಗೂ ಕಾಂಡಕೋಶಗಳಿವೆ ಎಂದು ವಿಜ್ಞಾನಿಗಳು ಕಂಡುಕೊಂಡರು' ಅಂತ ಒಂದೇ ಸಾಲು ಬರೆದು (ಕಾಂಡಕೋಶ ಅಂದರೆ ತನ್ನಂಥದ್ದನ್ನೂ ಬೇರೆ ಕೋಶಗಳನ್ನೂ ಹುಟ್ಟಿಸಬಲ್ಲ ಮೂಲಕೋಶ ಅಂತಲೂ ಹೇಳದೆ) ಮುಂದೆ ಹೋಗಿದ್ದೀರಿ. ಹೇಗೆ ಕಂಡುಕೊಂಡರು ಮಾರಾಯ್ರೇ? ಕಥೆ ಇರುವುದೇ ಅಲ್ಲಿ! 1994ರಲ್ಲಿ ಟೊರಾಂಟೊದ ಜಾನ್ ಡಿಕ್ ತಂಡ ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ (ಬೇಗ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರ್) ರೋಗಿಗಳ ಕೋಶಗಳನ್ನು, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವ ಇಲಿಗಳಿಗೆ ಚುಚ್ಚಿ ನೋಡಿತು. ಇಲಿಯಲ್ಲಿ ಕಾಯಿಲೆ ಹುಟ್ಟಿಸಬಲ್ಲ ಕೋಶ ಸುಮಾರು 2,50,000ಕ್ಕೆ ಒಂದು. ಉಳಿದವೆಲ್ಲ ಗುಂಪಿನಲ್ಲಿ ಗೋವಿಂದ. (ಇಲಿಯ ತಳಿ ಬದಲಾದರೆ ಈ ಎಣಿಕೆಯೂ ಬದಲಾಗುತ್ತದೆ, ಅದನ್ನೂ ಹೇಳಿ. ಓದುಗರು ದಡ್ಡರಲ್ಲ.)

ಆಮೇಲೆ, ಕಾಯಿಲೆ ಯಾಕೆ ಮರಳುತ್ತದೆ ಎಂಬ ಕಾರಣಕ್ಕೆ ಬನ್ನಿ. ಇಂಥ ಕೋಶಗಳಲ್ಲಿ ಹಲವು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತವೆ. ಸೈಟರಬಿನ್‌ನಂಥ ಕೀಮೋ ಔಷಧ ಹೊಡೆಯುವುದು ಹೊಸ ಡಿಎನ್ಎ ಮಾಡಿಕೊಳ್ಳುತ್ತಿರುವ ಕೋಶವನ್ನು. ಮಲಗಿದವು ತಪ್ಪಿಸಿಕೊಳ್ಳುತ್ತವೆ, ಒಂದು ದಿನ ಎದ್ದರೆ ಕಾಯಿಲೆ ಮರಳುತ್ತದೆ. ಇದು ಬಂದ ಮೇಲೆ ಮಾತ್ರ 2016ರ ಆ 17 ಜೀನ್‌ಗಳ ಸ್ಕೋರ್ (ಇಂಥ ಕಾಂಡಕೋಶಗಳಿಗೆ ಸಂಬಂಧಿಸಿದ ಆ ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ಅಳೆದು ಕೊಡುವ ಅಂಕ) ಓದುಗರಿಗೆ ಅರ್ಥವಾಗುತ್ತದೆ. ನೀವು ಸ್ಕೋರನ್ನು ಮೊದಲೇ ತಂದು ಕೂರಿಸಿದ್ದೀರಿ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು 'ಸ್ಕೋರ್ ಜಾಸ್ತಿ ಬಂದವರು ಬದುಕುವುದಿಲ್ಲ' ಎಂಬ ಸಾಲಿಗೆ. ತಪ್ಪು. ಆ ಸ್ಕೋರ್ ಹೇಳುವುದು ಗುಂಪಿನ ಬಗ್ಗೆ: ಜಾಸ್ತಿ ಬಂದವರಲ್ಲಿ ಮಾಮೂಲಿ ಕೀಮೋ ಸರಾಸರಿಯಾಗಿ ಕಡಿಮೆ ಫಲ ಕೊಡುತ್ತದೆ, ಅಷ್ಟೇ. ಅದೇ ಗುಂಪಿನಲ್ಲಿ ಬಹುಕಾಲ ಬದುಕುವವರೂ ಇರುತ್ತಾರೆ. ವೈದ್ಯರು ವಯಸ್ಸು, ಎನ್‌ಪಿಎಂ1, ಎಫ್‌ಎಲ್‌ಟಿ3, ಟಿಪಿ53 ಜೀನ್‌ಗಳ ಬದಲಾವಣೆ, ಚಿಕಿತ್ಸೆಯ ನಂತರವೂ ಉಳಿದ ಕ್ಯಾನ್ಸರ್ ಕೋಶಗಳ ಅಂಶ, ಎಲ್ಲವನ್ನೂ ನೋಡುತ್ತಾರೆ. ನಿಮ್ಮ ಸಾಲನ್ನು ರಾತ್ರಿ ಎರಡು ಗಂಟೆಗೆ, ನಿದ್ದೆ ಬಾರದೆ, ಕೈಯಲ್ಲಿ ಅದೇ ರಿಪೋರ್ಟ್ ಹಿಡಿದುಕೊಂಡು ಒಬ್ಬ ರೋಗಿ ಓದಬಹುದು ಅಲ್ವಾ?

ಇನ್ನೊಂದು ಸಣ್ಣ ವಿಷಯ. ಕಸಿಗೆ ಬಳಸುವ ಆರೋಗ್ಯವಂತ ಕಾಂಡಕೋಶಕ್ಕೂ ಈ ಕೆಟ್ಟದ್ದಕ್ಕೂ ಒಂದೇ ಪದ ಬಳಸಿದ್ದೀರಿ. ಏಳನೇ ಪುಟದಲ್ಲಿ ರೋಗಿಗೆ ಕ್ಯಾನ್ಸರನ್ನೇ ಕಸಿ ಮಾಡಿದ ಹಾಗೆ ಓದಿಸಿಕೊಳ್ಳುತ್ತದೆ!

ಅರ್ಧಕ್ಕೆ ಇಳಿಸಿ, ಇಲಿಯಿಂದ ಶುರು ಮಾಡಿ ಕಳಿಸಿ. ಮತ್ತೆ ಓದುತ್ತೇನೆ.