ಫೋನ್ ನಂಬರನ್ನು ಇಂಟೀಜರ್ ಮಾಡಬೇಡಿ
ಡೇಟಾಬೇಸ್‌ನಲ್ಲಿ ಫೋನ್ ನಂಬರಿನ ಕಾಲಂ ಇಂಟೀಜರ್ (ಪೂರ್ಣಾಂಕ) ಇಟ್ಟು, 10 ಅಂಕಿ ಇದೆಯಾ ಅಂತ ಚೆಕ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಫೋನ್ ನಂಬರನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಅಲ್ವಾ? ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಇಡಿ. ಇಂಟೀಜರ್ ಮಾಡಿದರೆ ಶುರುವಿನ ಸೊನ್ನೆ ಹಾರಿಹೋಗುತ್ತದೆ. ಇಟಲಿಯ ಲ್ಯಾಂಡ್‌ಲೈನ್ ನಂಬರ್‌ಗಳಲ್ಲಿ +39 ಆದ ಮೇಲೂ ಆ ಸೊನ್ನೆ ಬೇಕೇ ಬೇಕು. ಉದ್ದವೂ ದೇಶದಿಂದ ದೇಶಕ್ಕೆ ಬೇರೆ, ಫೋನ್ ನಂಬರ್‌ಗಳ ಅಂತರರಾಷ್ಟ್ರೀಯ ಮಾನದಂಡ ಇ.164 ಪ್ರಕಾರ ದೇಶದ ಕೋಡ್ ಸೇರಿ ಹೆಚ್ಚೆಂದರೆ 15 ಅಂಕಿ. ಬಳಕೆದಾರರು ಸ್ಪೇಸ್, ಗೆರೆ ಹಾಕಿದರೆ ಎರರ್ ತೋರಿಸಬೇಡಿ, ನೀವೇ ತೆಗೆದು + ಸಮೇತ ಸೇವ್ ಮಾಡಿ. ಸುಮ್ನೆ ರೆಜೆಕ್ಸ್ (ಅಕ್ಷರಗಳ ಮಾದರಿ ಹೊಂದಿಸಿ ನೋಡುವ ಸೂತ್ರ) ಬರೆಯುತ್ತಾ ಕೂರುವ ಬದಲು, ನಂಬರ್ ಚೆಕ್ ಮಾಡುವ ಗೂಗಲ್‌ನ ಲಿಬ್‌ಫೋನ್‌ನಂಬರ್ ಲೈಬ್ರರಿ ಬಳಸಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು: ನಂಬರನ್ನೇ ಪ್ರೈಮರಿ ಕೀ (ಪ್ರತಿ ಖಾತೆಯನ್ನು ಗುರುತಿಸುವ ಕಾಲಂ) ಮಾಡಬೇಡಿ. ಒಬ್ಬರು ಬಿಟ್ಟ ನಂಬರ್ ಮುಂದೆ ಇನ್ನೊಬ್ಬರಿಗೆ ಸಿಗಬಹುದು. ಆಗ ಓಟಿಪಿ ಹಾಕಿ ಅವರು ಹಳಬರ ಖಾತೆಗೇ ಹೋಗಿಬಿಡುತ್ತಾರೆ.