ಅತ್ತೆಯಿಂದ ಮುಚ್ಚಿಟ್ಟ ಶಸ್ತ್ರಚಿಕಿತ್ಸೆ

(ಗುರುತು ಸಿಗದಂತೆ ಹೆಸರು, ಉದ್ಯೋಗ ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ಶಾಲಿನಿ ಎಂದು ಕರೆಯೋಣ. ನಲವತ್ತರ ಆಸುಪಾಸಿನ ಬ್ಯಾಂಕ್ ಉದ್ಯೋಗಿ, ಹುಟ್ಟಾ ಸಸ್ಯಾಹಾರಿ. ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದ ಗಂಡನ ದೂರು ಚಿಕ್ಕದು: ಸುಮ್ಮಸುಮ್ಮನೆ ಅಳುತ್ತಾಳೆ, ಮರೆವು ಹೆಚ್ಚಿದೆ, ಕಾಲು ಜುಮ್ಮೆನ್ನುತ್ತದೆ ಎಂದು ಗೋಳಾಡುತ್ತಾಳೆ. ಮನೆಯ ಡಾಕ್ಟರು "ಮನಸ್ಸಿನದ್ದು, ಆಪ್ತಸಲಹೆ ಕೊಡಿಸಿ" ಎಂದಿದ್ದರಂತೆ.

ಅಳುವನ್ನು ಬದಿಗಿಟ್ಟು ಮೊದಲು ಕಾಲಿನ ಬಗ್ಗೆಯೇ ಕೇಳಿದೆ. ಜೋಮು ಎರಡೂ ಪಾದಗಳ ಬೆರಳುಗಳಿಂದ ಶುರುವಾಗಿ ತಿಂಗಳುಗಳಲ್ಲಿ ಮೀನಖಂಡದವರೆಗೆ ಏರಿತ್ತು. ನಡೆದರೆ ಹತ್ತಿಯ ಮೇಲೆ ಕಾಲಿಟ್ಟಂತೆ. ಚಪ್ಪಲಿ ಕಳಚಿಕೊಂಡರೂ ತಿಳಿಯುವುದಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಓಲಾಡಿ ಗೋಡೆ ಹಿಡಿಯಬೇಕು. ಆತಂಕದಲ್ಲೂ ಕೈಕಾಲು ಜುಮ್ಮೆನ್ನುವುದುಂಟು, ಆದರೆ ಅದು ಬಂದು ಹೋಗುತ್ತದೆ. ಹೀಗೆ ಪಾದದಿಂದ ಮೇಲಕ್ಕೆ ಹೆಜ್ಜೆ ಹೆಜ್ಜೆಯಾಗಿ ಹತ್ತುವುದಿಲ್ಲ. ಕಣ್ಣು ಮುಚ್ಚಿದೊಡನೆ ಸಮತೋಲನ ತಪ್ಪುವುದಾದರೆ, ಪಾದ ಎಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರಮಾರ್ಗವನ್ನೇ ಅನುಮಾನಿಸಬೇಕು.

ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಎರಡೂವರೆ ವರ್ಷದ ಹಿಂದೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಆಗಿತ್ತು. ಅತ್ತೆಗೆ ಹೇಳಿದ್ದು ಪಿತ್ತಕೋಶದ ಕಲ್ಲು ಎಂದು. ಮನೆಯ ಡಾಕ್ಟರು ಅತ್ತೆಯ ಕಡೆಯವರು, ಹಾಗಾಗಿ ಅವರಿಗೂ ಅದೇ ಕಲ್ಲಿನ ಕಥೆ. ಅವರನ್ನು ದೂರಿ ಪ್ರಯೋಜನವಿಲ್ಲ. ಹೇಳದೆ ಇದ್ದುದನ್ನು ಅವರು ಊಹಿಸುವುದು ಹೇಗೆ? ಗುಟ್ಟಿನ ಪರಿಣಾಮ ಅಷ್ಟಕ್ಕೇ ನಿಲ್ಲಲಿಲ್ಲ. ಜೀವನಪರ್ಯಂತ ನುಂಗಬೇಕಿದ್ದ ವಿಟಮಿನ್ ಮಾತ್ರೆಗಳನ್ನು ಊಟದ ಮೇಜಿನ ಮೇಲೆ ಇಡುವಂತಿರಲಿಲ್ಲ. ಮೊದಲ ವರ್ಷ ಕಳೆಯುವುದರೊಳಗೆ ಅವು ನಿಂತೇಹೋದವು.

ಕೈಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹಾಕಿಸಿದೆ. ಮಧುಮೇಹದ ಮೆಟ್‌ಫಾರ್ಮಿನ್, ಎದೆಯುರಿಯ ಮಾತ್ರೆ, ಜತೆಗೆ ಜಿಂಕ್. ಆಪರೇಷನ್ ನಂತರ ಕೂದಲು ಉದುರಿದಾಗ ಔಷಧ ಅಂಗಡಿಯವರು ಕೊಟ್ಟ ಜಿಂಕ್ ಮಾತ್ರೆ ದಿನಕ್ಕೆ ಎರಡರಂತೆ ಇಂದಿಗೂ ನಡೆದಿತ್ತು.

ಇಬ್ಬರಿಗೂ ಹೇಳಿದ್ದು ಇಷ್ಟು. ನರಗಳಿಗೆ ಬೇಕಾದ ವಿಟಮಿನ್ ಬಿ12 ಆಹಾರದಿಂದ ಬಿಡುಗಡೆಯಾಗಲು ಜಠರದ ಆಮ್ಲ ಬೇಕು, ಹೀರಿಕೆಯಾಗಲು ಜಠರದ ಗೋಡೆ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೊಟೀನ್ ಬೇಕು. ಬೈಪಾಸ್‌ನಲ್ಲಿ ಊಟ ಜಠರದ ಬಹುಭಾಗವನ್ನು ಮುಟ್ಟುವುದೇ ಇಲ್ಲ. ಯಕೃತ್ತಿನ ದಾಸ್ತಾನು ಕೆಲವು ವರ್ಷ ಬರುವುದರಿಂದ ತೊಂದರೆ ತಡವಾಗಿ ಕಾಣುತ್ತದೆ. ಹಾಲು ಮೊಸರನ್ನೇ ನಂಬಿದ ಸಸ್ಯಾಹಾರಿಗಳಲ್ಲಿ ಆ ದಾಸ್ತಾನೇ ತೆಳು. ಮೆಟ್‌ಫಾರ್ಮಿನ್, ಆಮ್ಲ ತಗ್ಗಿಸುವ ಮಾತ್ರೆ ಎರಡೂ ಬಿ12 ಅನ್ನು ಇನ್ನಷ್ಟು ಇಳಿಸುತ್ತವೆ. ಅತಿಯಾದ ಜಿಂಕ್ ದೇಹಕ್ಕೆ ತಾಮ್ರ ಸೇರದಂತೆ ತಡೆಯುತ್ತದೆ, ತಾಮ್ರದ ಕೊರತೆ ಬೆನ್ನುಹುರಿಗೆ ಮಾಡುವ ಹಾನಿ ಬಿ12 ಕೊರತೆಯದನ್ನೇ ಹೋಲುತ್ತದೆ. ಅಳು, ಮರೆವು ಕೂಡ ಬಿ12 ಕೊರತೆಯಿಂದ ಬರಬಹುದು. ಅದನ್ನು ಮಾತಿನಿಂದ ವಾಸಿಮಾಡಲು ನಾನು ಹೊರಟರೆ ನರಗಳು ಕಾಯುವುದಿಲ್ಲ.

ಸಲಹೆ: ಈ ವಾರವೇ ನರರೋಗ ತಜ್ಞರನ್ನು ಕಾಣಿರಿ, ಡಿಸ್ಚಾರ್ಜ್ ಪತ್ರ ಜತೆಗಿರಲಿ. ನನ್ನ ಪತ್ರದಲ್ಲಿ ಜಿಂಕ್ ವಿಷಯವನ್ನು ಅಡಿಗೆರೆ ಎಳೆದು ಬರೆದೆ. ಬಿ12, ತಾಮ್ರ ಎರಡನ್ನೂ ಪರೀಕ್ಷಿಸಿ ಎಂದು ಕೋರಿದೆ. ಬರೀ ಫೋಲಿಕ್ ಆಮ್ಲ (ಇನ್ನೊಂದು ಬಿ ವಿಟಮಿನ್) ನುಂಗಬೇಡಿ. ಅದರಿಂದ ಬಿ12 ಕೊರತೆಯ ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೇ ಮುಂದುವರಿಯುತ್ತದೆ. ಇನ್ನೊಂದನ್ನು ಗಂಡನ ಕೈಯಲ್ಲೇ ಬರೆಸಿದೆ, ಏಕೆಂದರೆ ಅದು ಜೀವದ ಪ್ರಶ್ನೆ. ಬಿ1, ಅಂದರೆ ಥಯಮಿನ್, ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ ಸಾಕಾಗುವಷ್ಟಿರುತ್ತದೆ. ವಾಂತಿ ಕೆಲವು ದಿನ ಬಿಡದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಜತೆಗೆ ದೃಷ್ಟಿ ಎರಡಾಗುವುದು, ನಡಿಗೆ ತಡವರಿಸುವುದು, ಮಾತು ಗೊಂದಲವಾಗುವುದು ಕಂಡರೆ ತಕ್ಷಣ ತುರ್ತು ವಿಭಾಗ. ಅಲ್ಲಿ ಮೊದಲ ಮಾತೇ ಬೈಪಾಸ್ ಆಗಿದೆ ಎಂಬುದಾಗಿರಲಿ, ಗ್ಲೂಕೋಸ್ ಏರಿಸುವ ಮುನ್ನ ಥಯಮಿನ್ ಕೊಡಬೇಕಾಗುತ್ತದೆ.

"ತೂಕ ಇಳಿಯಿತಲ್ಲ, ಇನ್ನೇನು ಕೊರಗು" ಎಂಬ ಮಾತನ್ನು ನಿಲ್ಲಿಸಿ ಎಂದೂ ಗಂಡನಿಗೆ ಹೇಳಿದೆ. ಅವರಿಗೆ ಇರುಸುಮುರುಸಾಯಿತು. ಆಗಲಿ.

ವರದಿಯಲ್ಲಿ ಬಿ12 ತೀರಾ ಕಡಿಮೆ, ತಾಮ್ರವೂ ಕಡಿಮೆ. ತಜ್ಞರು ಜಿಂಕ್ ನಿಲ್ಲಿಸಿ ತಾಮ್ರದ ಪೂರಣ, ಬಿ12 ಇಂಜೆಕ್ಷನ್ ಶುರುಮಾಡಿದರು. ಮರೆವು, ಅಳು ಮೊದಲು ತಗ್ಗಿದವು. ನಡಿಗೆ ಸುಧಾರಿಸಿದೆ, ಬೆರಳತುದಿಯ ಮರಗಟ್ಟುವಿಕೆ ಪೂರ್ತಿ ಹೋಗಿಲ್ಲ. ತಡವಾದಷ್ಟೂ ನರಗಳು ಮರಳಿ ಕೊಡುವುದು ಕಡಿಮೆ ಎಂದು ತಜ್ಞರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮನೆಯ ಡಾಕ್ಟರಿಗೆ ಈಗ ಎಲ್ಲ ಗೊತ್ತು, ಅವರೇ ಇಂಜೆಕ್ಷನ್ ಕೊಡುತ್ತಾರೆ. ಅತ್ತೆಗೆ ಇನ್ನೂ ಹೇಳಿಲ್ಲ. ಅದನ್ನು ನಾನು ಒತ್ತಾಯಿಸಲಿಲ್ಲ. ಔಷಧ ಬರೆಯುವವರು ಅತ್ತೆಯಲ್ಲ.